ಜೋರಾಗಿ ಕೂಗಿದವರಿಗೆ ಸೂಜಿ

ಒಸಿ ಹತ್ತಿರ ಬನ್ನಿ, ಬಾಗಿಲು ಮುಂದಕ್ಕೆ ಹಾಕಿ. ನಾನು ಹೇಳಿದೆ ಅಂತ ಯಾರ ಹತ್ತಿರವೂ ಬಾಯಿ ಬಿಡಬೇಡಿ, ಆಣೆ ಇಡಿ. ಗುಟ್ಟಿನ ವಿಷಯ. ನಮ್ಮ ಬೀದಿ, ಹಿಂದಿನ ಬೀದಿ ಬಿಟ್ಟರೆ ಇದುವರೆಗೆ ನಾನೂ ಯಾರಿಗೂ ಹೇಳಿಲ್ಲ.

ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಎದ್ದ ಮೇಲೆ ನಮ್ಮೂರಿನ ಮನೆಮನೆಗೂ ಬೆನ್ನುನೋವು ಬಂತು. ಬೆನ್ನುನೋವು ಬಂದ ಮನೆಯಲ್ಲಿ ಸುದ್ದಿಗೇನು ಬರ? ಆಗ ಪೇಟೆಯಿಂದ ಒಬ್ಬ ಡಾಕ್ಟರು, ಒಬ್ಬಳು ನರ್ಸಮ್ಮ ಭಾನುವಾರ ಭಾನುವಾರ ನಮ್ಮ ಶಾಲೆಯ ಕೋಣೆಗೆ ಬರೋಕೆ ಶುರುಮಾಡಿದರು. ಮದ್ದಿಗೂ ಮುಂಚೆ ಒಂದು ಪರೀಕ್ಷೆ. ರಬ್ಬರ್ ಮೂತಿಯ ಯಂತ್ರದಿಂದ ಹೆಬ್ಬೆರಳು, ಕಾಲು, ಬೆನ್ನು ಒತ್ತುತ್ತಾ ಹೋಗುವುದು, ನೋವು ಶುರುವಾದ ತಕ್ಷಣ ನಾವು ಹೇಳುವುದು. ಅದನ್ನು ನೋಡಿದರೆ ಯಾರಿಗೆ ಯಾವ ಮದ್ದು ಹಿಡಿದೀತು ಅಂತ ಮುಂಚೇನೇ ಒಂದು ಅಂದಾಜು ಸಿಗುತ್ತಂತೆ.

ಅದರ ಮೇಲೆ ನಮ್ಮ ಪಕ್ಕದ ಮನೆ ಸೊಸೆಯ ಹಣೆಬರಹ ನಿಂತಿತ್ತು. ಬಟ್ಟೆ ಫ್ಯಾಕ್ಟರಿಯಲ್ಲಿ ದಿನಪೂರ್ತಿ ನಿಂತೇ ಕೆಲಸ. ಡಾಕ್ಟರು ಒಂದು ಚೀಟಿ ಬರೆದುಕೊಟ್ಟರೆ ಕೂತು ಮಾಡುವ ಕೆಲಸ ಸಿಗುತ್ತಿತ್ತು. ಅವಳ ಅತ್ತೆಗೆ ಮಾತ್ರ ಅದೆಲ್ಲ ನಾಟಕ. ಆ ನಾಟಕಕ್ಕೆ ಒಗ್ಗರಣೆ ಹಾಕಿ ಊರಿಗೆಲ್ಲ ಬಡಿಸಿದ್ದು ನಾನೇ, ಸುಳ್ಳು ಯಾಕೆ ಹೇಳಲಿ.

೧. ಮಿಲ್ಲಿನವನ ಮೀಸೆ

ಮೊದಲು ಕೂತವನು ರಾಗಿ ಮಿಲ್ಲಿನ ಯಜಮಾನ. ದಪ್ಪ ಮೀಸೆ. ಸುತ್ತ ಹೆಂಗಸರು ನಿಂತಿದ್ದೀವಿ. ಡಾಕ್ಟರು ಹೆಬ್ಬೆರಳು ಒತ್ತಿದರು.

"ನೋವಾಯ್ತಾ?"

"ಚೆ! ಒತ್ತಿ ಸ್ವಾಮಿ."

ಮತ್ತೆ ಒತ್ತಿದರು. ಅವನ ಕಣ್ಣಲ್ಲಿ ನೀರು, ಮೀಸೆ ಗಡಗಡ. "ಇಷ್ಟೇನಾ ನಿಮ್ಮ ಮಿಷನ್ನು?" ಅಂದ. ಆಮೇಲೆ ಹಿತ್ತಲಿಗೆ ಹೋಗಿ ಬೆರಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಣಿದಿದ್ದನ್ನು ಕಿಟಕಿಯಿಂದ ನಾನೇ ಕಣ್ಣಾರೆ ನೋಡಿದೆ.

ಮುಂದಿನ ಭಾನುವಾರ ಮತ್ತೆ ಬಂದ. "ಡಾಕ್ಟ್ರೇ, ಬೆನ್ನು ಹೆಂಗೋ ಇರ್ಲಿ. ಬೆರಳಿಗೆ ಏನಾದ್ರೂ ಕೊಡಿ."

೨. ಮುಂಗಡ ಕೂಗು

ನಮ್ಮ ಕಡೆ ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ. ಇಲ್ಲಿ ನೋಡಿದರೆ ಹೆಚ್ಚಿನವರಿಗೆ ವ್ಯಾಯಾಮ ಹೇಳಿ ಕಳಿಸುತ್ತಿದ್ದರು. ನಾನು ಸಾಲಿನಲ್ಲಿ ನಿಂತು, "ಜೋರಾಗಿ ಕೂಗ್ದೋರಿಗೆ ಸೂಜಿ ಸಿಕ್ತದಂತೆ ಕಣ್ರವ್ವ" ಅಂತ ಒಬ್ಬಳ ಕಿವಿಯಲ್ಲಿ ಉಸಿರಿದೆ. ಅಷ್ಟೇ. ಆ ದಿನ ಶಾಲೆಯಲ್ಲಿ ಎದ್ದ ಬೊಬ್ಬೆಗೆ ಸಾವಿನ ಮನೆ ಅಂದುಕೊಂಡು ಇಬ್ಬರು ಹಾರ ಹಿಡಿದು ಬಂದರು.

ಉಯ್ಯಂಬಳ್ಳಿಯಿಂದ ಬಂದಿದ್ದ ಒಬ್ಬ ಮುದುಕಿಯಂತೂ ಬೆಂಚಿನ ಮೇಲೆ ಕೂರುತ್ತಲೇ "ಅಯ್ಯಯ್ಯಪ್ಪೋ, ಸತ್ತೆ!" ಅಂದಳು.

"ಅಜ್ಜಿ, ನಾನಿನ್ನೂ ಮುಟ್ಟೇ ಇಲ್ಲ!" ಅಂದರು ಡಾಕ್ಟರು.

"ಇರ್ಲಿ ಬುದ್ಧಿ, ಮುಂಗಡವಾಗಿ ಕೂಗ್ಬುಟ್ಟೆ. ಆಮ್ಯಾಕೆ ಬಸ್ಸು ಹೊಂಟೋಯ್ತದೆ."

೩. ಪರದೆಯ ಆಚೆ

ಸೊಸೆಯ ಸರದಿ ಬಂದಾಗ ಅತ್ತೆ ಪಕ್ಕದಲ್ಲೇ ಕಂಬದ ಹಾಗೆ ನಿಂತಳು. ಅತ್ತೆ ಎದುರಿಗೆ ಅಯ್ಯೋ ಅನ್ನೋದುಂಟೇ? ಹುಡುಗಿ ಸೆರಗು ಕಚ್ಚಿಕೊಂಡು ಕೂತಳು. ಎಷ್ಟು ಒತ್ತಿದರೂ ಉಸಿರಿಲ್ಲ.

"ನೋಡುದ್ರಾ? ನೋವೂ ಇಲ್ಲ, ಗೀವೂ ಇಲ್ಲ. ನಾಟ್ಕ!" ಅಂದಳು ಅತ್ತೆ.

"ಇದು ಕಳ್ಳರನ್ನ ಹಿಡಿಯೋ ಯಂತ್ರ ಅಲ್ಲಮ್ಮ. ನೀವು ಹೊರಗಿರಿ, ಇನ್ನೊಂದು ಸಲ ನೋಡ್ತೀನಿ" ಅಂದರು ಡಾಕ್ಟರು.

ಅತ್ತೆ ಹೊರಟವಳು, ಒಸಿ ಕೇಳಿಸಿಕೋ ಅನ್ನೋ ಹಾಗೆ ನನಗೆ ಕಣ್ಣು ಮಿಟುಕಿಸಿದಳು. ಡಾಕ್ಟರು ನಡುವೆ ಪರದೆ ಎಳೆದರು. ನಾನು ಈಚೆ ಮಂಚದ ಮೇಲಿದ್ದೆ, ನರ್ಸಮ್ಮ ನನ್ನ ಕಾಲು ಒತ್ತುತ್ತಿದ್ದಳು. ಜೋರಾಗಿ ಕೂಗಿ ಸೂಜಿ ಹಾಕಿಸಿಕೊಂಡೇ ಹೋಗಬೇಕು ಅಂತ ಬಂದವಳು ನಾನು. ಅಷ್ಟರಲ್ಲಿ ಆಚೆಯಿಂದ ಅಳು ಕೇಳಿತು. ಮೊಳಕೈ ಮುಟ್ಟಿದರೂ ಹುಡುಗಿ ಚೀರುತ್ತಿದ್ದಾಳೆ!

"ನೋವು ಅಂತ ಮನೇಲಿ ಯಾಕಮ್ಮ ಹೇಳಲಿಲ್ಲ?" ಅಂದರು ಡಾಕ್ಟರು.

"ಹೇಳ್ದೆ ಸಾರ್. ನಮ್ಮತ್ತೆ ನಂಬ್ತಿದ್ರೇನೋ. ಪಕ್ಕದ್ಮನೆ ಅಜ್ಜಿ ಐತಲ್ಲ, ಅದೇ..."

ನನ್ನ ಕಿವಿ ಎರಡೂ ಪರದೆಗೆ ಅಂಟಿಕೊಂಡವು.

"ಅಜ್ಜಿ, ಅಜ್ಜೀ! ಮಿಷನ್ನಿನ ಮುಳ್ಳು ಕೊನೆ ಮುಟ್ಟಿತು. ಇನ್ನೂ ನೋವಿಲ್ವಾ?" ಅಂದಳು ನರ್ಸಮ್ಮ.

"ಶ್! ಒಸಿ ಸುಮ್ಕಿರವ್ವ, ಮಾತು ಕೇಳುಸ್ತಾ ಇಲ್ಲ!"

ನರ್ಸಮ್ಮ ನನಗೆ ನೋವೇ ಇಲ್ಲ ಅಂತ ಬರೆದುಕೊಂಡು, ನಗುತ್ತಾ ಹೊರಗೆ ಹೋಗಿ, ನಾನು ಕಿವಿಗೊಟ್ಟು ಕಾಲು ಮರೆತಿದ್ದನ್ನು ಎಲ್ಲರಿಗೂ ಹೇಳಿಬಿಟ್ಟಳು.

ಡಾಕ್ಟರು ಅತ್ತೆಯನ್ನು ಕರೆದರು. "ಬೆನ್ನಷ್ಟೇ ಅಲ್ಲಮ್ಮ, ಇವಳ ಮೈಯೆಲ್ಲ ನೋವಿಗೆ ಎಚ್ಚರಾಗಿಬಿಟ್ಟಿದೆ, ಎಲ್ಲಿ ಮುಟ್ಟಿದರೂ ನೋಯುತ್ತೆ. ಬರೀ ಮುಲಾಮು ಹಚ್ಚಿದರೆ ಆಗಲ್ಲ. ಮಾತ್ರೆ ಬೇಕು, ನಿಧಾನಕ್ಕೆ ವ್ಯಾಯಾಮ ಬೇಕು, ಕೂತು ಮಾಡೋ ಕೆಲಸ ಬೇಕು" ಅಂದು ಚೀಟಿ ಬರೆದರು. ಅತ್ತೆ ಸೊಸೆಯ ಕೈ ಹಿಡಿದುಕೊಂಡು ಹೋದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ಸಿಕ್ಕಿದ್ದು ವ್ಯಾಯಾಮ. ಸೂಜಿ ಇಲ್ಲ, ಒಂದು ಮಾತ್ರೆಯೂ ಇಲ್ಲ.

ಮಾರನೆಯ ದಿನ ನಲ್ಲಿಯ ಹತ್ತಿರ, "ನಂಗ್ಯಾಕವ್ವ ಮದ್ದು ಕೊಡ್ಲಿಲ್ಲ?" ಅಂತ ಗೊಣಗಿದೆ. ಪಕ್ಕದ ಮನೆಯವಳು, ಅದೇ ಆ ಅತ್ತೆ, ಬಿಂದಿಗೆ ಕೆಳಗಿಟ್ಟಳು. ಹತ್ತು ಜನರ ಮುಂದೆ, ನನ್ನ ಮುಖಕ್ಕೇ ಹೇಳಿದಳು:

"ನಿಂಗ್ಯಾಕಕ್ಕಯ್ಯ ಮದ್ದು? ನಮ್ಮನೆ ಸುದ್ದಿ ಕಿವಿಗೆ ಬಿದ್ರೆ ನಿನ್ನ ಕಾಲು ಕುಯ್ದ್ರೂ ಗೊತ್ತಾಗಕ್ಕಿಲ್ಲ. ದಿನಾ ಸಂಜೆ ಬಾ. ನನ್ನ ಸೊಸೆ ಕುಂತ್ಕಂಡು ಹೇಳ್ತಾಳೆ, ನೀನು ನಿಂತ್ಕಂಡು ಕೇಳು."