ಸೋಮವಾರ ಹೂಡದ ಕಂಪ್ಯೂಟರ್

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನ ಹತ್ತಿರ ಕೆಟ್ಟ ಮಷೀನುಗಳಿಗಿಂತ ಗಾಬರಿಯಾದ ಮನುಷ್ಯರೇ ಹೆಚ್ಚು ಬರುತ್ತಾರೆ. ಸವದತ್ತಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ ಇತ್ತು. ಎರಡು ಸಾವಿರದ ಇಸವಿ ದಾಟಿ, ಫೋನಿನ ವೈರಿನಲ್ಲೇ ಇಂಟರ್ನೆಟ್ ಮನೆಗಳಿಗೆ ಬಂದ ಮೇಲೆ ಶುರುವಾಯಿತು ನೋಡಿ ಫಜೀತಿ. ಇಲ್ಲದ ರೋಗ ಹೇಳಿ ಹೆದರಿಸಿ ಔಷಧಿ ಮಾರುವ ಕಳ್ಳರು ಪರದೆಯ ಮೇಲೂ ಬಂದರು, ಫೋನಿನಲ್ಲೂ ಬಂದರು. ಯಾರು ಕಳ್ಳ, ಯಾರು ಸಾಚಾ ಅನ್ನುವುದು ಗಿರಾಕಿಗಳಿಗಂತೂ ತಿಳಿಯಲಿಲ್ಲ. ಕಡೆಕಡೆಗೆ ನನಗೇ ನನ್ನ ಮೇಲೆ ಸಂಶಯ ಬರತೊಡಗಿತು.

ಬಂದ್ ಮಾಡಬ್ಯಾಡ

ನಿವೃತ್ತ ಹೆಡ್‌ಮಾಸ್ತರರೊಬ್ಬರು ಫೋನ್ ಮಾಡಿದರು. "ಪರದೆ ತುಂಬ ಕೆಂಪಕ್ಷರ ಬಂದಾವ್ರೀ. ಕಂಪ್ಯೂಟರಿಗೆ ವೈರಸ್ ಹತ್ತೇತಿ, ಈ ನಂಬರಿಗೆ ಫೋನ್ ಹಚ್ಚು, ಅಲ್ಲೀತನಕ ಬಂದ್ ಮಾಡಬ್ಯಾಡ ಅಂತ ಬರದೈತಿ."

"ಅದು ಸುಳ್ಳು ಸರ್. ಬಂದ್ ಮಾಡಿಬಿಡ್ರಿ."

"ಬಂದ್ ಮಾಡಬ್ಯಾಡ ಅಂತ ಇಂಗ್ಲಿಷಿನ್ಯಾಗ ಬರದಾರಲ್ರೀ!"

ಆಯುಷ್ಯವೆಲ್ಲ ಇಂಗ್ಲಿಷ್ ಕಲಿಸಿದವರು, ಇಂಗ್ಲಿಷಿನ ಮಾತು ಮೀರುವುದುಂಟೇ? ಆ ನಂಬರು ಪರದೇಶದ್ದು, ಅವರ ಫೋನಿನಿಂದ ಹೋಗುವಂತಿರಲಿಲ್ಲ, ಅದೊಂದು ಪುಣ್ಯ. ಆದರೆ ಮಷೀನು ಬಿಸಿಯಾಗಬಾರದೆಂದು ಅದಕ್ಕೆ ಟೇಬಲ್ ಫ್ಯಾನ್ ಇಟ್ಟರು. ಯಾರೂ ಗುಂಡಿ ಮುಟ್ಟಬಾರದೆಂದು ಹೆಂಡತಿಯನ್ನು ಕಾವಲಿಗೆ ಕೂಡಿಸಿದರು. ಮರುದಿನ ನಾನು ಹೋಗುವ ಹೊತ್ತಿಗೆ ಮಾಸ್ತರರು ನಗುತ್ತ ಬಾಗಿಲಲ್ಲಿ ನಿಂತಿದ್ದರು.

"ಬ್ಯಾಡ್ರಿ, ಆರಾಮ ಆತು. ಮುಂಜಾನೆ ಲೋಡ್ ಶೆಡ್ಡಿಂಗ್ ಆತು ನೋಡ್ರಿ, ತಿರುಗಿ ಹಚ್ಚಿದ್ರ ಕೆಂಪಕ್ಷರ ಇಲ್ಲೇ ಇಲ್ಲ. ನಿಮಗಿಂತ ಕರೆಂಟಿನವರ ಕೈಗುಣ ಚಲೋ ಐತಿ."

ಆ ದಿನ ಅವರು ಲೈನ್‌ಮನ್‌ನನ್ನು ಕರೆದು ಚಹಾ ಕುಡಿಸಿದರಂತೆ. ನನಗೆ ನೀರೂ ಕೇಳಲಿಲ್ಲ.

ಏನು ತಿಂದ್ರಿ?

ಮಾಸ್ತರರ ಗತಿ ನೋಡಿ ಅಂಗಡಿ ಮುಂದೆ ಬೋರ್ಡ್ ಬರೆಸಿದೆ: "ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಎಂದು ಫೋನ್ ಮಾಡುವವರನ್ನು ನಂಬಬೇಡಿ." ಬಂದವರಿಗೆಲ್ಲ ಕೈಮುಗಿದು ಇದನ್ನೇ ಹೇಳಿದೆ. ಜನ ನನ್ನ ಮಾತು ಕೇಳಿದರು. ಅದೇ ನನಗೆ ಮುಳುವಾಯಿತು.

ಬೈಲಹೊಂಗಲದ ಅರಿವೆ ಅಂಗಡಿಯವರ ಮನೆಯ ಕಂಪ್ಯೂಟರಿಗೆ ಒಂದು ಹೊಸ ಫ್ಯಾನ್ ಕೂಡಿಸಿ ಬಂದಿದ್ದೆ. ಮರುದಿನ ಅಂಥದ್ದೇ ಇನ್ನೊಂದು ಫ್ಯಾನ್ ನನ್ನ ಅಂಗಡಿಯಲ್ಲೇ ಬುಸಬುಸ ಹೊಗೆ ಬಿಟ್ಟಿತು. ಗಾಬರಿಯಾಗಿ ಅವರ ಮನೆಗೆ ಫೋನ್ ಹಚ್ಚಿದೆ. ಮನೆಯಾಕೆ ಎತ್ತಿದರು.

"ಅಕ್ಕಾರ, ನಿಮ್ಮ ಕಂಪ್ಯೂಟರಿನ್ಯಾಗ ಒಂದು ತೊಂದರಿ ಐತ್ರೀ..."

"ನಾವೂ ಬೋರ್ಡ್ ಓದೇವಿ" ಅಂದು ಟಕ್ ಅಂತ ಇಟ್ಟುಬಿಟ್ಟರು.

ಮತ್ತೆ ಹಚ್ಚಿದೆ. "ಆ ಬೋರ್ಡ್ ಬರಸಿದಾಂವನ ನಾನ್ರೀ!"

"ಹಂಗಾರ ಹೇಳು, ನಿನ್ನಿ ನಮ್ಮನ್ಯಾಗ ಏನ ತಿಂದಿ?"

ರಿಪೇರಿಗೆ ಬಂದವರನ್ನು ನಮ್ಮ ಕಡೆ ಬರಿಹೊಟ್ಟೆಯಲ್ಲಿ ಕಳಿಸುವುದಿಲ್ಲ. ಮನೆ ಮನೆ ತಿರುಗುವ ನನಗೆ ಯಾರ ಮನೆಯಲ್ಲಿ ಏನು ತಿಂದೆ ಅಂತ ಹೇಗೆ ನೆನಪಿರಬೇಕು? "ಉಪ್ಪಿಟ್ಟು" ಅಂದೆ.

"ನಮ್ಮ ರಿಪೇರಿಯವರು ಚುರಮರಿ ಸುಸಲಾ ತಿಂದು, ಮ್ಯಾಲೆ ಇನ್ನೊಂದು ಪ್ಲೇಟ್ ಕೇಳಿ ಹಾಕಿಸಿಕೊಂಡ್ರು. ನೀ ಯಾವನೋ ಕಳ್ಳ!"

ಕಳ್ಳ ಅನ್ನಿಸಿಕೊಂಡಿದ್ದಕ್ಕಿಂತ ಎರಡನೇ ಪ್ಲೇಟಿನ ಮಾತಿಗೆ ನನಗೆ ಹೆಚ್ಚು ನಾಚಿಕೆಯಾಯಿತು. ಬಸ್ ಹತ್ತಿ ಬೈಲಹೊಂಗಲಕ್ಕೆ ಹೋಗಿ ಫ್ಯಾನ್ ಬಿಚ್ಚಲು ಕೂತೆ. ಅಕ್ಕನವರು ಮುಂದೆ ಒಂದು ತಾಟು ಇಟ್ಟು ಹೇಳಿದರು, "ಇದು ಅವಲಕ್ಕಿ. ನೆನಪಿಟ್ಟಕೋರಿ."

ಗೌಡರ ಸೋಮವಾರ

ಒಂದು ದಿನ ಹತ್ತಿರದ ಚಚಡಿ ಊರಿನ ಗೌಡರ ಸೊಸೆ ಧಾರವಾಡದಿಂದ ಫೋನ್ ಮಾಡಿದರು. ಆಕೆ ಪಿಎಚ್‌ಡಿಗೆ ಪ್ರಬಂಧ ಬರೆಯುತ್ತಿದ್ದರು. ಅಳುವುದೊಂದೇ ಬಾಕಿ.

"ಅಣ್ಣಾರ, ಮಾವಾರಿಗೆ ಯಾವನೋ ಕಂಪ್ಯೂಟರ್ ಕಂಪನಿಯಾಂವ ಅಂತ ಫೋನ್ ಮಾಡ್ಯಾನಂತ. ಮಷೀನ್ ಹಚ್ಚಿ ನಾ ಹೇಳಿದ್ದ ಒತ್ರಿ, ಇಲ್ಲಿಂದನ ಸರಿ ಮಾಡ್ತೇನಿ ಅನ್ನಾಕತ್ತಾನಂತ. ನನ್ನ ಪ್ರಬಂಧ ಪೂರಾ ಅದರಾಗ ಐತ್ರೀ, ಇನ್ನೊಂದು ಪ್ರತಿ ಇಲ್ಲ. ಮಾವಾರು ಇಷ್ಟ ಹೇಳಿ ಇಟ್ಟುಬಿಟ್ರು, ಈಗ ಮನಿ ಫೋನ್ ಎಂಗೇಜ್ ಬರಾಕತ್ತೈತಿ!"

ಅಂಥವರ ಕೈಗೆ ಮಷೀನು ಸಿಕ್ಕರೆ ಏನು ಕದಿಯುತ್ತಾರೋ, ಏನು ಅಳಿಸುತ್ತಾರೋ. ಅಂಗಡಿ ಮುಚ್ಚಿ ಬೈಕ್ ಹತ್ತಿದೆ.

ಪಡಸಾಲೆಯಲ್ಲಿ ಗೌಡರು ರಿಸೀವರ್ ಕಿವಿಗೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ಕಂಪ್ಯೂಟರ್. ಅದರ ಮೇಲೆ ಮಡಿಬಟ್ಟೆ ಹೊದಿಸಿ, ವಿಭೂತಿ ಹಚ್ಚಿ, ಹೂ ಇಟ್ಟಿದ್ದರು. ಮಷೀನು ಚಾಲೂ ಇರಲೇ ಇಲ್ಲ.

"ಅಜೀ, ಆಜ್ ಸೋಮವಾರ ಹೈ" ಎಂದು ಗೌಡರು ತಮ್ಮ ಹಿಂದಿಯಲ್ಲಿ ತಿಳಿಸಿ ಹೇಳುತ್ತಿದ್ದರು. "ಸೋಮವಾರ ಕೋ ಹಮ್ ಹೂಡತಾ ನಹೀ."

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಗೌಡರು ಟ್ರ್ಯಾಕ್ಟರ್ ತಂದಾಗ ಅದಕ್ಕೂ ಸೋಮವಾರ ಬಿಡುವು ಕೊಟ್ಟರು. ಕಂಪ್ಯೂಟರ್ ಬಂದ ಮೇಲೆ ಅದಕ್ಕೂ. ಸೊಸೆ ಪ್ರತಿ ಸೋಮವಾರವೇ ಧಾರವಾಡಕ್ಕೆ ಯಾಕೆ ಹೋಗುತ್ತಾರೆ ಅಂತ ನನಗೆ ಆಗ ಹೊಳೆಯಿತು. ಗಾಬರಿಯಲ್ಲಿ ಆಕೆ ಇವತ್ತು ಯಾವ ವಾರ ಅನ್ನುವುದನ್ನೇ ಮರೆತಿದ್ದರು.

ಆ ಕಡೆಯವನು ಚೀರುವುದು ನನಗೂ ಕೇಳುತ್ತಿತ್ತು. ಐದೇ ನಿಮಿಷ ಸಾಕು, ಇವತ್ತು ಹಚ್ಚದಿದ್ದರೆ ಕಂಪ್ಯೂಟರ್ ಸತ್ತೇ ಹೋಗುತ್ತದೆ ಅನ್ನುತ್ತಿದ್ದ. ಗೌಡರು ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು. "ಪಾಪ, ಮುಂಜಾನಿಂದ ಗಂಟಲ ಹರಕೊಳ್ಳಾಕತ್ತಾನ. ಹೂಡೂದಂದ್ರ ಏನಂತನೂ ಅವಗ ಗೊತ್ತಿಲ್ಲ. ಎಲ್ಲಾ ಬಿಡಿಸಿ ಹೇಳೇನಿ. ನಾಳೆ ಹಚ್ಚತೇನಿ ಅಂತ ಮಾತೂ ಕೊಟ್ಟೇನಿ."

"ಗೌಡ್ರ, ಆಂವ ಕಳ್ಳ!"

"ನೀವೂ ರಿಪೇರಿಯವರು, ಆಂವನೂ ರಿಪೇರಿಯಾಂವ ಅಂತಾನ. ಕಳ್ಳ ಅಂತ ನಾ ಹೆಂಗ ಗುರ್ತ ಹಿಡೀಲಿ?"

"ನಾವು ಕರೀದ ಯಾವ ಕಂಪನಿಯವರೂ ತಾವಾಗೇ ಫೋನ್ ಮಾಡೂದಿಲ್ರೀ."

"ಕರೀದ ಬಂದು ಸಹಾಯ ಮಾಡಾಂವ ದೊಡ್ಡ ಮನಷ್ಯಾ ಅಲ್ಲೇನು?"

ನನಗೆ ತಲೆ ಕೆಟ್ಟುಹೋಯಿತು. ನಾಳೆ ಮುಂಜಾನೆ ಆ ಹೆಣ್ಣುಮಗಳ ಪ್ರಬಂಧದ ಗತಿ ಏನು? ಆಗ ಬೈಲಹೊಂಗಲದ ಅಕ್ಕನವರು ನೆನಪಾದರು.

"ಗೌಡ್ರ, ನಿಮ್ಮನ್ಯಾಗ ಏನ ತಿಂದಾನ ಅಂತ ಕೇಳ್ರಿ."

ಗೌಡರು ಕೇಳಿದರು. "ಕ್ಯಾ?" ಅಂದ ಆ ಕಡೆಯವನು. ಇನ್ನೊಮ್ಮೆ ಕೇಳಿದರು. ಏನೂ ತಿಂದಿಲ್ಲ ಅಂದನಂತೆ. ಗೌಡರ ಮುಖ ಕೆಂಪಾಯಿತು.

"ಮಷೀನಿನ ಒಳಗ ರೋಗ ಕಂಡೇನಿ ಅಂತಾನ, ಏನೂ ತಿಂದಿಲ್ಲ ಅಂತಾನ! ನಮ್ಮನಿಗೆ ಬಂದಾಂವ ಉಣ್ಣದ ಹೋಗಿದ್ದು ಐತೇನು? ಈ ಮಗಾ ಬಂದೂ ಇಲ್ಲ, ನೋಡೂ ಇಲ್ಲ. ಕಳ್ಳನ ಇವ!" ಎಂದು ರಿಸೀವರ್ ಕುಕ್ಕಿದರು.

ನಾನು ಸೊಸೆಗೆ ಫೋನ್ ಮಾಡಿ ಪ್ರಬಂಧ ಉಳಿದಿದೆ ಎಂದೆ. "ನಿಮಗ ಕೈ ಮುಗಿತೇನ್ರೀ ಅಣ್ಣಾರ, ಈಗಿಂದೀಗ ಅದನ್ನ ಒಂದು ಸಿಡಿಗೆ ಹಾಕಿಬಿಡ್ರಿ" ಅಂದರು. ಚೀಲದಿಂದ ಸಿಡಿ ತೆಗೆದೆ. ಮಡಿಬಟ್ಟೆ ಸರಿಸಿ ಗುಂಡಿಗೆ ಕೈ ಹಾಕಬೇಕು, ಗೌಡರು ಗಪ್ಪನೆ ನನ್ನ ಕೈ ಹಿಡಿದರು.

"ಕಳ್ಳಗೂ ಸೋಮವಾರನ, ನಿಮಗೂ ಸೋಮವಾರನ. ಕುಂದರ್ರಿ, ಸುಸಲಾ ಮಾಡಸ್ತೇನಿ. ಸರಿಯಾಗಿ ನೆನಪಿಟ್ಟಕೋರಿ, ನಾಳೆ ಬಂದಾಗ ಕೇಳತೇನಿ."