ಮಂಚದ ಮೇಲೆ ಡ್ರಿಲ್ ಮಷೀನು, ಚಾಪೆ ಮೇಲೆ ನಾನು

ಬೇರೆಯವರ ಮನೇಲಿ ಭಾನುವಾರ ಬಂದ್ರೆ ಇಡ್ಲಿನೋ ದೋಸೆನೋ ಆಗತ್ತೆ. ನಮ್ಮ ಮನೇಲಿ ಏನಾದ್ರೂ ಒಂದು ಅನಾಹುತ ಆಗತ್ತೆ. ಬಸವೇಶ್ವರನಗರದ ನಮ್ಮ ಅಡ್ಡರಸ್ತೇಲಿ ಬೆಳಿಗ್ಗೆ ಒಂಬತ್ತಕ್ಕೆ ಗರ್ರ್ ಅಂತ ಸದ್ದು ಬಂದ್ರೆ ಸಾಕು, ಎದುರುಮನೆಯವರು ಒಣಹಾಕಿದ ಬಟ್ಟೆ ಒಳಗೆ ತಗೋತಾರೆ. ನನ್ನ ಮಗ ಡ್ರಿಲ್ ಮಷೀನು ಕೈಗೆ ಎತ್ತಿಕೊಂಡ ಅಂತ ಅದರ ಅರ್ಥ.

ಅವನು ವಾರವೆಲ್ಲಾ ಆಫೀಸಲ್ಲಿ ಕಾಗದ ತಿರುವಿ ಹಾಕೋನು. ಭಾನುವಾರ ಫೋನಲ್ಲಿ ಯಾರೋ ಏನೋ ಮಾಡೋದು ನೋಡ್ತಾನೆ, ಇವನ ಕೈಗೂ ತುರಿಕೆ ಹತ್ತತ್ತೆ. "ಇದಕ್ಕೆ ಡಿಐವೈ ಅಂತಾರಮ್ಮ. ಮನೆಗೆ ಬೇಕಾದ್ದು ನಾವೇ ಮಾಡ್ಕೊಳ್ಳೋದು, ಆಟ ಆಡ್ತಾ ಆಡ್ತಾ."

"ಆಟ ಆಡ್ಕೊಳಪ್ಪ," ಅಂದೆ. "ನನ್ನ ಮಂಚದ ತಂಟೆಗೆ ಮಾತ್ರ ಬರಬೇಡ."

ಮಂಚದ ವಿಷಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಯಜಮಾನ್ರು ಕಾರ್ಖಾನೇಲಿ ದುಡೀತಿದ್ದ ಕಾಲದಲ್ಲಿ ಹೊನ್ನೆಮರ ತರಿಸಿ, ಮನೆ ಮುಂದೇನೇ ಆಚಾರಿನ ಕೂರಿಸಿ ಮಾಡಿಸಿದ್ದು. ತಲೆ ಕಡೆ ಎರಡು ಗಿಳಿ ಕೆತ್ತಿದೆ. ಅವರು ಹೋಗಿ ಎಷ್ಟೋ ವರ್ಷ ಆಯ್ತು. ಎಡಗಡೆ ಗಿಳಿಯ ಕೊಕ್ಕು ಮುರಿದಿದ್ದು ಬಿಟ್ರೆ ಮಂಚ ಇವತ್ತಿಗೂ ಕಿರ್ ಅಂದಿಲ್ಲ. ನನ್ನ ಮಗನ ಕಣ್ಣಿಗೆ ಮಾತ್ರ ಅದು ಮಂಚವಲ್ಲ, ಹಲಗೆ. ಏನಾದ್ರೂ ಕೆಟ್ಟಾಗೆಲ್ಲಾ ಬಂದು ಅದನ್ನ ತಟ್ಟಿ ನೋಡ್ತಾನೆ. "ಇಂಥಾ ಮರ ಸಿಕ್ಕಿದ್ರೆ ಹಿಂಗಾಗ್ತಿರಲಿಲ್ಲ ಕಣಮ್ಮ."

ಅಕ್ಕಿ ಮೂಟೆಯ ಪರೀಕ್ಷೆ

ಮೊದಲು ಮಾಡಿದ್ದು ಉಯ್ಯಾಲೆ. ಮೊಮ್ಮಗಳಿಗೆ ಏಳು ವರ್ಷ, ಅವಳ ಹೆಸರು ಹೇಳ್ಕೊಂಡು ಇವನು ಆಡೋದು. ಹಾಲಿನ ತಾರಸಿಗೆ ತೂತು ಹೊಡೆದು, ಕೊಕ್ಕೆ ಸಿಗಿಸಿ, ಹಗ್ಗ ಹಾಕಿ ಹಲಗೆ ಕಟ್ಟಿದ. ನಮ್ಮ ಹಾಲು ಇರೋದೇ ಇಷ್ಟಗಲ. ಒಬ್ಬರು ತೂಗಿದ್ರೆ ಉಳಿದವರೆಲ್ಲಾ ಕಾಲೆತ್ತಿ ಕೂತಿರಬೇಕು.

"ಭದ್ರವಾಗಿದೆಯೇನೋ?" ಅಂದೆ.

"ಟೆಸ್ಟ್ ಮಾಡಿದೀನಮ್ಮ." ಮಾಡಿದ್ದು ನಿಜ. ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ ಕೂರಿಸಿ ಅರ್ಧ ಗಂಟೆ ತೂಗಿದ್ದ. ಮಗೂನ ತೂಗಿದಂಗೆ ತೂಗಿದ್ದ.

ಆ ಭಾನುವಾರ ಕೆಂಗೇರಿಯಿಂದ ಬೀಗರು ಬಂದ್ರು, ನನ್ನ ಸೊಸೆಯ ಅಪ್ಪ. ಒಳ್ಳೇ ಮೈಕಟ್ಟಿನ ಮನುಷ್ಯ. "ಏನ್ ಅಳಿಯಂದ್ರೇ, ಉಯ್ಯಾಲೆ ಎಲ್ಲಾ ಜೋರಾಗಿದೆ!" ಅಂತ ಕೂತ್ರು. ಒಂದು ಸಲ ಮುಂದಕ್ಕೆ ಹೋದ್ರು. ಹಿಂದಕ್ಕೆ ಉಯ್ಯಾಲೆ ಒಂದೇ ಬಂತು.

ಸೊಸೆ ಅಡುಗೆಮನೆಯಿಂದ "ಅಪ್ಪಾ!" ಅಂತ ಓಡಿಬಂದ್ಲು. ಬೀಗರು ನೆಲದ ಮೇಲೆ ಸೊಂಟ ಹಿಡ್ಕೊಂಡು ಕೂತಿದಾರೆ. ನನ್ನ ಮಗ ಅವರನ್ನ ಎಬ್ಬಿಸೋದು ಬಿಟ್ಟು ಮೇಲಿನ ಕೊಕ್ಕೆ ನೋಡ್ತಾ ಅಂದ: "ಅಕ್ಕಿ ಮೂಟೆ ಕೂತಾಗ ಸರಿಯಾಗೇ ಇತ್ತಲ್ಲ!"

ಬೆಕ್ಕಿಗೊಂದು ಲಿಫ್ಟು

ನಾವಿರೋದು ಮಹಡಿ ಮೇಲೆ, ಕೆಳಗೆ ಬಾಡಿಗೆಯವರು. ಸೊಪ್ಪಿನವಳು ಬಂದ್ರೆ ನಾನು ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡ್ತಿದ್ದೆ. ಅವಳು ಸೊಪ್ಪು ಹಾಕ್ತಿದ್ಲು, ಎಳ್ಕೋತಿದ್ದೆ. ಯಾರಿಗೂ ಏನೂ ತೊಂದರೆ ಇರಲಿಲ್ಲ. ಅದೇ ನನ್ನ ಮಗನಿಗೆ ತೊಂದರೆ ಆಯ್ತು.

"ಈ ವಯಸ್ಸಲ್ಲಿ ನೀನ್ಯಾಕಮ್ಮ ಎಳೀಬೇಕು?" ಅಂತ ಬುಟ್ಟಿಗೆ ಮೋಟರ್ ಜೋಡಿಸಿದ. ಬುಟ್ಟೀಲಿ ಭಾರ ಬಿದ್ದ ತಕ್ಷಣ ಅದೇ ಮೇಲೆ ಬಂದು ಅಡುಗೆಮನೆ ಕಿಟಕಿ ಹತ್ರ ನಿಲ್ಲಬೇಕು. ಕೊತ್ತಂಬರಿ ಕಟ್ಟು ಹಾಕಿದ್ರೆ ಅದಕ್ಕೆ ಭಾರ ಅಂತ ಅನ್ನಿಸ್ತಾನೇ ಇರಲಿಲ್ಲ. ಸೊಪ್ಪಿನವಳು ಮೂರು ದಿನ ಬುಟ್ಟಿಗೆ ಕೈ ಒತ್ತಿ ಒತ್ತಿ ಸಾಕಾಗಿ, "ಅಜ್ಜಿ, ನೀವೇ ಇಳಿದು ಬನ್ನಿ" ಅಂದ್ಲು.

ಒಂದು ಮಧ್ಯಾಹ್ನ ಮೋಟರ್ ಸದ್ದಾಯ್ತು. ಅಂತೂ ಕೆಲಸ ಮಾಡ್ತಲ್ಲ ಅಂತ ಹೋಗಿ ನೋಡಿದ್ರೆ, ಬೀದಿಯ ಗಂಡುಬೆಕ್ಕು ಬುಟ್ಟೀಲಿ ಕಾಲು ಮಡಚ್ಕೊಂಡು ಕೂತು ಮೇಲೆ ಬಂದಿದೆ, ಸಾಹುಕಾರರ ಥರ. ನಾನು ಪೊರಕೆ ಹುಡುಕೋದ್ರೊಳಗೆ ಒಲೆ ಪಕ್ಕದ ಹಾಲು ಅರ್ಧ ಖಾಲಿ. ಕುಡಿದ ಮೇಲೆ ಹಾರಿ ಓಡ್ತಾ? ಇಲ್ಲ. ವಾಪಸ್ಸು ಬುಟ್ಟೀಲಿ ಕೂತು, ಸ್ವಿಚ್ ಹಾಕು ಅನ್ನೋ ಹಾಗೆ ನನ್ನ ಮುಖ ನೋಡ್ತು.

ಆ ಲಿಫ್ಟನ್ನ ಸರಿಯಾಗಿ ಉಪಯೋಗಿಸ್ಕೊಂಡಿದ್ದು ಅದೊಂದೇ.

ಆಚಾರಿಯ ಹಾರೈಕೆ

ಇವನು ಕೆಡಿಸಿದ್ದನ್ನೆಲ್ಲಾ ಸರಿ ಮಾಡಕ್ಕೆ ಲಗ್ಗೆರೆಯಿಂದ ಒಬ್ಬ ಆಚಾರಿ ಬರ್ತಾನೆ. ಬಹಳ ಒಳ್ಳೆಯವನು, ಯಾವತ್ತೂ ನಗಲ್ಲ.

ಒಂದು ಸಲ ನನ್ನ ಮಗ ಮೂರು ಭಾನುವಾರ ಕೂತು ಹಾಲಿನಲ್ಲೇ ಒಂದು ಗೊಂಬೆಮನೆ ಮಾಡಿದ, ಮೊಮ್ಮಗಳು ಒಳಗೆ ಹೋಗಿ ಕೂರುವಷ್ಟು ದೊಡ್ಡದು. ಅದನ್ನ ತಾರಸಿ ಮೇಲೆ ಇಡಬೇಕು ಅಂತ ಆಸೆ. ನೂಕ್ತೀವಿ, ನೂಕ್ತೀವಿ, ಬಾಗಿಲಲ್ಲಿ ಹಿಡಿಸದೆ ಅಲ್ಲೇ ಸಿಕ್ಕಿಹಾಕ್ಕೊಳ್ತು. ಎರಡು ದಿನ ನಾವೆಲ್ಲಾ ಗೊಂಬೆಮನೆಯೊಳಗೇ ನುಸುಳಿ ಆ ಕಡೆ ಈ ಕಡೆ ಓಡಾಡಿದ್ವಿ.

ಆಚಾರಿ ಬಂದು ಟೇಪು ಹಿಡಿದು ಅಳೆದ. "ನಿಮ್ಮ ಗೊಂಬೆಮನೆ ಸರಿಯಾಗಿದೆ ಸಾರ್," ಅಂದ. "ಬಾಗಿಲೇ ಸಣ್ಣದು. ಯಾರೋ ಗೊತ್ತಿಲ್ದೋರು ಕಟ್ಟಿದಾರೆ." ನನ್ನ ಮಗನ ಮುಖ ಅರಳಿತು.

ಕಾಫಿ ಕೊಡುವಾಗ ನಾನು ಮೆಲ್ಲಗೆ ಕೇಳಿದೆ: "ಎಲ್ಲಾರೂ ಹಿಂಗೆ ತಾವೇ ಮಾಡ್ಕೊಂಡ್ರೆ ನಿನ್ನ ಗತಿ ಏನಪ್ಪಾ?"

ಕಾಫಿ ಲೋಟ ಹಣೆಗೆ ಒತ್ತಿಕೊಂಡು ಅಂದ: "ಎಲ್ಲಾರೂ ಮಾಡ್ಕೊಳ್ಳಿ ಅಂತಲೇ ಬೇಡ್ಕೋತೀನಿ ಅಜ್ಜಿ. ಸಾರ್ ಥರ ಬೀದಿಗೊಬ್ಬರಿದ್ರೆ ನಮ್ಮಂಥೋರು ಬದುಕ್ತೀವಿ."

ಕದಲದ ಪೂಜೆ

ಆಯುಧಪೂಜೆ ಹತ್ರ ಬಂತು. ನನ್ನ ಮಗ ಫೋನು ಹಿಡ್ಕೊಂಡು ಬಂದ. "ನೋಡಮ್ಮ, ಮಂಚದಿಂದ ಜಾರುಬಂಡೆ! ನಿಂದು ಕುಯ್ದರೆ ಮರ ಸರಿಯಾಗಿ ಸಾಕಾಗತ್ತೆ. ನಿನಗೆ ಹೊಸದು, ಸ್ಪ್ರಿಂಗ್ ಹಾಸಿಗೆ ತಂದುಕೊಡ್ತೀನಿ. ಹಬ್ಬ ಮುಗಿದ ಮೇಲೆ ಶುರು."

"ಅಜ್ಜಿ ಮಂಚದಲ್ಲಿ ಜಾರಬಹುದಾ?" ಅಂತ ಮೊಮ್ಮಗಳೂ ಕುಣಿದ್ಲು. ಜಗಳ ಆಡಿದ್ರೆ ಕೇಳೋ ಮಗ ಅಲ್ಲ, ಬೈದ್ರೂ ನಗ್ತಾ ನಗ್ತಾನೇ ಗರಗಸ ತರೋ ಮಗ.

ಪೂಜೆ ದಿನ ಸುತ್ತಿಗೆ, ಗರಗಸ, ಡ್ರಿಲ್ ಮಷೀನು ಎಲ್ಲಾನೂ ನನ್ನ ಮಂಚದ ಮೇಲೇ ಜೋಡಿಸ್ದೆ. "ದೇವರ ಮನೇಲಿ ಜಾಗ ಇಲ್ಲ ಕಣೋ." ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಪೂಜೆಗೆ ಇಟ್ಟಿದ್ದನ್ನ ಮನೆ ಹಿರಿಯರು ಒಳ್ಳೇ ಘಳಿಗೆ ನೋಡಿ, ಅಕ್ಷತೆ ಹಾಕಿ, ಒಂಚೂರು ಕದಲಿಸಬೇಕು. ಅಲ್ಲೀವರೆಗೂ ಯಾರೂ ಮುಟ್ಟೋ ಹಾಗಿಲ್ಲ. ನಮ್ಮ ಮನೇಲಿ ಹಿರಿಯಳು ನಾನೇ. ಪಂಚಾಂಗ ನೋಡೋಳೂ ನಾನೇ. ನನಗೆ ಓದಕ್ಕೆ ಬರಲ್ಲ ಅನ್ನೋದು ಎಲ್ಲಾರಿಗೂ ಗೊತ್ತು, ಆದ್ರೂ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಮಾರನೇ ದಿನ, "ಅಮ್ಮ, ಕದಲಿಸ್ತೀಯಾ?"

ಪಂಚಾಂಗ ತೆಗೆದು ಬೆರಳಾಡಿಸ್ದೆ. "ರಾಹುಕಾಲ."

ಆಮೇಲೆ ಮಂಗಳವಾರ ಬಂತು. ಶನಿವಾರ ಕಬ್ಬಿಣ ಮುಟ್ಟಬಾರದು. ಒಂದಿನ ಹಲ್ಲಿ ಲೊಚಗುಟ್ಟಿತು. ಒಂದಿನ ಅಷ್ಟಮಿ. ಫೋನಲ್ಲಿ ಹೇಳಿದ್ದನ್ನೆಲ್ಲಾ ನಂಬೋನು ಪಂಚಾಂಗದ ಮುಂದೆ ಮಾತಾಡ್ತಾನೆಯೇ? ಹೀಗೆ ಇಪ್ಪತ್ತು ದಿನ ಡ್ರಿಲ್ ಮಷೀನು ಹಾರ ಹಾಕ್ಕೊಂಡು ನನ್ನ ಮಂಚದ ಮೇಲೆ ಮಲಗ್ತು. ನಾನು ಕೆಳಗೆ ಚಾಪೆ ಮೇಲೆ. ಮಂಡಿ ಹಿಡ್ಕೊಂಡಿತ್ತು, ಆದ್ರೆ ಮಂಚ ಉಳಿದಿತ್ತು.

ಇಪ್ಪತ್ತೊಂದನೇ ದಿನ ಆಚಾರಿ ಬಾಳೆಹಣ್ಣು ಹಿಡ್ಕೊಂಡು ಗಾಬರಿಯಿಂದ ಬಂದ. "ಇಷ್ಟು ದಿನ ನಿಮ್ಮ ಮನೆಯಿಂದ ಒಂದು ಫೋನೂ ಇಲ್ಲ ಅಜ್ಜಿ. ಸಾರ್‌ಗೆ ಹುಷಾರಿಲ್ವಾ?"

ಮಂಚ ತೋರಿಸಿ ನಡೆದಿದ್ದೆಲ್ಲಾ ಹೇಳ್ದೆ. ಅವನು ಮಂಚ ನೋಡ್ದ, ಚಾಪೆ ನೋಡ್ದ. "ದಯವಿಟ್ಟು ಕದಲಿಸಿ ಅಜ್ಜಿ, ನಂದೂ ಹೊಟ್ಟೆಪಾಡು."

"ಕದಲಿಸ್ತೀನಿ. ನನ್ನ ಮಂಚ ಉಳಿಸಿಕೊಡು."

ನನ್ನ ಮಗ ಒಳಗಿಂದ ಬಂದ. ಆಚಾರಿ ಮಂಚದ ಕಾಲಿಗೆ ಕಿವಿ ಕೊಟ್ಟು, ಡಾಕ್ಟರ ಥರ ತಟ್ಟಿ, ತಲೆ ಆಡಿಸ್ದ. "ಹಳೇ ಹೊನ್ನೆ ಸಾರ್, ಕಲ್ಲಾಗಿದೆ. ಮಷೀನ್ ಇಟ್ರೆ ಮಷೀನೇ ಸುಟ್ಟುಹೋಗತ್ತೆ."

"ಅಯ್ಯೋ! ಮಷೀನಾ?" ಅಂತ ನನ್ನ ಮಗ ಅದನ್ನ ಎದೆಗೆ ಅಪ್ಪಿಕೊಳ್ಳಕ್ಕೆ ಹೋದ. "ಬೇಡ ಬೇಡ, ಮಂಚ ಬೇಡ."

ತಕ್ಷಣ ಪಂಚಾಂಗ ನೋಡ್ದೆ. ಅಂಥಾ ಒಳ್ಳೇ ಘಳಿಗೆ ವರ್ಷಕ್ಕೊಂದು ಸಲ ಬರೋದು. ಅಕ್ಷತೆ ಹಾಕಿ ಕದಲಿಸ್ದೆ. ಆಚಾರಿ ಕೈಮುಗಿದು ಮೆಟ್ಟಿಲಿಳಿದ.

ನಾನು ಮಂಚದ ಮೇಲೆ ಕಾಲು ಚಾಚಿ ಅರ್ಧ ಗಂಟೆ ಆಗಿರಲಿಲ್ಲ. ಗರ್ರ್ ಅಂತು. ಮೊಮ್ಮಗಳ ಕಣ್ಣಾಮುಚ್ಚಾಲೆಗೆ ಅಂತ ಸಾಮಾನು ಕೋಣೆ ಬಾಗಿಲಿಗೆ ಯಾರಿಗೂ ಕಾಣದ ಚಿಲಕ ಜೋಡಿಸ್ತಿದ್ದ. ಒಳಗೆ ಹೋಗಿ ಹಾಕಿ ನೋಡ್ದ. ಚಿಲಕ ಅವನಿಗೂ ಕಾಣಲಿಲ್ಲ.

"ಅಮ್ಮಾ, ಬಾಗಿಲು ತೆಗೆಯಕ್ಕಾಗ್ತಿಲ್ಲ! ಆಚಾರಿಗೆ ಫೋನ್ ಮಾಡಿಸು!"

ಕೆಳಗಿನ ಮನೆಯವರನ್ನ ಕೂಗೋಣ ಅಂತ ಕಿಟಕೀಲಿ ಬಗ್ಗಿದೆ. ಕಾಂಪೌಂಡಿನ ಕಟ್ಟೆ ಮೇಲೆ ಆಚಾರಿ ಆರಾಮಾಗಿ ಕೂತಿದ್ದ. ಒಂದು ಕೈಯಲ್ಲಿ ಟೀ, ತೊಡೆ ಮೇಲೆ ಸಾಮಾನಿನ ಚೀಲ.

"ಇನ್ನೂ ಹೋಗಿಲ್ವೇನಪ್ಪಾ?"

"ಪೂಜೆ ಕದಲಿಸಿದ್ರಲ್ಲ ಅಜ್ಜಿ," ಅಂದ. "ಸುಮ್ಮನೆ ಲಗ್ಗೆರೆಗೆ ಹೋಗಿ ಬರೋದ್ಯಾಕೆ ಅಂತ ಕೂತೆ."