ಹಸಿರು ಶಾಯಿಯ ಮಾವ

ರಿಟೈರಾದ ಇಂಗ್ಲಿಷ್ ಮೇಷ್ಟರ ಜಗುಲಿ ಖಾಲಿ ಇರುವುದಿಲ್ಲ. ಕಡೂರಿನ ನನ್ನ ಮನೆಗೆ ವಾರಕ್ಕೆ ಇಬ್ಬರಾದರೂ ಅರ್ಜಿ ಬರೆಸಲು ಬರುತ್ತಾರೆ. ಎಲ್ಲರ ಗೋಳೂ ಒಂದೇ: ಯಾರೋ ಆಗಲ್ಲ ಅಂದಿದ್ದಾರೆ, ಇನ್ನೊಂದು ಸಲ ನೋಡಿ ಎಂದು ಇಂಗ್ಲಿಷಿನಲ್ಲಿ ಕೇಳಬೇಕು. ಆದರೆ ಮದುವೆಗಾಗಿ ಅಂಥ ಅರ್ಜಿ ಬರೆದದ್ದು ಒಬ್ಬನಿಗೆ ಮಾತ್ರ.

೧. ರಿವ್ಯೂ

ಅವನು ನನ್ನ ಹಳೆಯ ಶಿಷ್ಯ, ಅಜ್ಜಂಪುರದ ಕಡೆ ದನದ ಡಾಕ್ಟರು. ತರೀಕೆರೆಗೆ ಹೆಣ್ಣು ನೋಡಲು ಹೋಗಿದ್ದ. ಇವನಿಗೆ ಅವಳು ಒಪ್ಪಿಗೆ, ಅವಳಿಗೂ ಇವನು ಒಪ್ಪಿಗೆ. ಜೊತೆಗೆ ಹೋದ ಸೋದರಮಾವ ಮಾತ್ರ, ತಕ್ಷಣ ಹೂಂ ಅಂದರೆ ಗಂಡಿನ ಕಡೆಯ ಗತ್ತು ಹೋಗುತ್ತದೆಂದು, "ಯೋಚ್ನೆ ಮಾಡಿ ಹೇಳ್ತೀವಿ" ಎಂದು ಎದ್ದು ಬಂದಿದ್ದರು. ಹೆಣ್ಣು ನೋಡಿದ ಮನೆಯಲ್ಲಿ ಹಾಗಂದರೆ ನಮ್ಮ ಕಡೆ ಬೇಡ ಅಂತಲೇ ಲೆಕ್ಕ. ಹುಡುಗಿಯ ತಂದೆ ನಿವೃತ್ತ ಶಿರಸ್ತೇದಾರರು. ಮಾರನೇ ದಿನ ಇವನು ಫೋನ್ ಮಾಡಿದರೆ ಕಡತ ಮುಕ್ತಾಯವಾಗಿದೆ ಎಂದರಂತೆ.

"ಬಾಯಿಮಾತು ಕೇಳಲ್ಲ ಸಾರ್ ಅವ್ರು. ಏನಿದ್ರೂ ಇಂಗ್ಲಿಷಲ್ಲಿ ಬರ್ದು ಕೊಡ್ಬೇಕಂತೆ."

ಮೊದಲ ಸಲ, ಮೆತ್ತಗಿನ ಪದವೇ ಇರಲಿ ಎಂದು ದಯವಿಟ್ಟು ರಿವ್ಯೂ ಮಾಡಿ ಎಂದು ಬರೆದೆ. ಐದನೇ ದಿನ ಅದೇ ಕಾಗದ ವಾಪಸ್ ಬಂತು. ಅಂಚಿನಲ್ಲಿ ಹಸಿರು ಶಾಯಿಯ ಟಿಪ್ಪಣಿ: "ರಿವ್ಯೂ ಮಾಡಲಾಯಿತು. ಬದಲಾವಣೆ ಇಲ್ಲ." ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳಿಗೆ ಮಾತ್ರ; ಕೆಲಸದಲ್ಲಿದ್ದಾಗ ಅವರಿಗೆ ಅದರ ಯೋಗ ಇರಲಿಲ್ಲ. ಮನೆಯಲ್ಲಿ ಕೇಳುವವರು ಯಾರು?

೨. ರೀ-ಎಕ್ಸಾಮಿನ್

ಬರೀ ನೋಡಿ ಅಂದರೆ ನೋಡಿ ಕೈಬಿಡುತ್ತಾರೆ, ಕೂತು ಪರೀಕ್ಷಿಸಿ ಅನ್ನಬೇಕು ಎಂದು ರೀ-ಎಕ್ಸಾಮಿನ್ ಹಾಕಿದೆ. "ದಾಖಲೆ ಲಗತ್ತಿಸಿಲ್ಲ" ಎಂದು ಅದೂ ಬಂತು. ಹುಡುಗ ಜಾತಕ, ಅಂಕಪಟ್ಟಿ, ಪಹಣಿ ಎಲ್ಲ ಸೇರಿಸಿದ. ಸಾಲದೆಂದು ಎಮ್ಮೆದೊಡ್ಡಿಯ ರೈತರೊಬ್ಬರು, ತಮ್ಮ ಹಸುವಿಗೆ ಕಷ್ಟದ ಹೆರಿಗೆ ಮಾಡಿಸಿದ ಉಪಕಾರಕ್ಕೆ, ಹೆಬ್ಬೆಟ್ಟು ಒತ್ತಿ ಕೊಟ್ಟ ಒಳ್ಳೇ ನಡತೆಯ ಪತ್ರವನ್ನೂ ಇಟ್ಟ.

ಉತ್ತರ ಬಂತು: "ದಾಖಲೆಗಳು ಸರಿಯಿವೆ. ಹಸುವಿನ ವಿಷಯ ಈ ಕಡತಕ್ಕೆ ಸಂಬಂಧಿಸಿಲ್ಲ."

೩. ರೀಕನ್ಸಿಡರ್

ಇದು ತೂಕದ ಪದ. ಹಾಗೆ ಕೇಳಿಸಿಕೊಂಡವರು ತಾವಾಡಿದ ಮಾತನ್ನು ತಾವೇ ನುಂಗಬೇಕು. ಅದಕ್ಕೇ ಕೊನೆಗೆಂದು ಇಟ್ಟುಕೊಂಡಿದ್ದೆ. ಅಷ್ಟರಲ್ಲಿ, ಸೋಮವಾರ ಬೇರೆ ಗಂಡು ನೋಡೋಕೆ ಬರ್ತಿದೆ ಎಂದು ಆ ಹುಡುಗಿಯೇ ಇವನಿಗೆ ಫೋನಿನಲ್ಲಿ ಅತ್ತುಕೊಂಡು ಹೇಳಿದಳಂತೆ. ನನಗೆ ತಡೆಯಲಿಲ್ಲ. ಭಾನುವಾರವೇ ಆ ಪದ ಹಾಕಿದ ಅರ್ಜಿ ಹಿಡಿದು, ಹುಡುಗನನ್ನು ಕರೆದುಕೊಂಡು ತರೀಕೆರೆಗೆ ಹೋದೆ.

ಶಿರಸ್ತೇದಾರರು ಅರ್ಜಿಯನ್ನು ಎರಡು ಸಲ ಓದಿದರು. ಮುಖ ನೋಡಿದಾಗಲೇ ನನಗೆ ಗೊತ್ತಾಗಿದ್ದು, ಇದು ಬರೀ ಜಂಬವಲ್ಲ. ಮಗಳನ್ನು ಬೇಡ ಅಂದುಬಿಟ್ಟರಲ್ಲ ಎಂಬ ನೋವನ್ನು ಪಾಪ ಹಸಿರು ಶಾಯಿಯಲ್ಲಿ ಮುಚ್ಚಿಟ್ಟಿದ್ದರು. ಸೋದರಮಾವನ ಪರವಾಗಿ ನಾನೇ ತಪ್ಪೊಪ್ಪಿಕೊಂಡೆ. ಅವರು ಪೆನ್ನಿನ ಮುಚ್ಚಳ ತೆಗೆದರು.

ಕಾಫಿ ತಂದ ಅವರ ಹೆಂಡತಿ, ಅದರಲ್ಲಿ ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ಇನ್ನೊಂದು ಸಲ ಯೋಚನೆ ಮಾಡಿ ಎಂದು ಬರೆದಿದೆ ಅಂದೆ. ಆಕೆ ತಟ್ಟೆ ಕೆಳಗಿಟ್ಟು ಗಂಡನ ಕಡೆ ತಿರುಗಿದರು.

"ನೀವು ನನ್ನ ನೋಡ್ಕಂಡು ಹೋದಾಗ ನಮ್ಮಪ್ಪನೂ ಯೋಚ್ನೆ ಮಾಡಿ ಹೇಳ್ತೀವಿ ಅಂದಿರ್ಲಿಲ್ವಾ? ಮಾರ್ನೇ ದಿನ ಬೆಳಗಿನ ಬಸ್ಸಿಗೇ ಮತ್ತೆ ಬಂದು ಜಗಲಿ ಮೇಲೆ ಕೂತ್ಬಿಟ್ರಲ್ಲ, ಅವತ್ತು ಯಾವ ಅರ್ಜಿ ತಂದಿದ್ರಿ?"

ಒಳಗೆ ಬಾಗಿಲ ಹಿಂದೆ ಮಗಳು ಕಿಸಕ್ಕೆಂದಳು. ಶಿರಸ್ತೇದಾರರು ಕಿವಿಯವರೆಗೂ ಕೆಂಪಾಗಿ, ಬಹಳ ಹೊತ್ತು ಬಗ್ಗಿ ಬರೆದು, ಕಾಗದವನ್ನು ನನ್ನ ಕಡೆ ತಳ್ಳಿದರು.

"ಮೇಲಧಿಕಾರಿಗಳ ಮೌಖಿಕ ಆದೇಶದಂತೆ ಮಂಜೂರು ಮಾಡಿದೆ."